ಮುನಿಲಕ್ಷ್ಮಿಯ ಬಿಲ್ಲೆ

ವಾಸನೆ ಬಂತು, ಅಂದರೆ ಶಿಡ್ಲಘಟ್ಟ ಬಂತು, ಕಣ್ಣು ತೆರೆಯಬೇಕಾಗಿಲ್ಲ, ಕುದಿಯುವ ನೀರಿನಲ್ಲಿ ಬೆಂದ ಹುಳದ ಈ ವಾಸನೆ ಮುಚ್ಚಿದ ಕಿಟಕಿಯ ಸಂದಿಯಿಂದಲೂ ಬಸ್ಸಿನೊಳಗೆ ಬರುತ್ತದೆ, ಪಕ್ಕದಲ್ಲಿ ಕೂತ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು, ನನಗೆ ಅಭ್ಯಾಸ, ಎರಡು ವರ್ಷ ಓದಿದ್ದೇ ಇದನ್ನು, ರೇಷ್ಮೆ ಕೃಷಿಯಲ್ಲಿ ಎಂ.ಎಸ್ಸಿ., ಗೂಡಿನೊಳಗಿನ ಹುಳ ಚಿಟ್ಟೆಯಾಗಿ ತೂತು ಮಾಡಿಕೊಂಡು ಹೊರಬರುವ ಮೊದಲೇ ಅದನ್ನು ಬಿಸಿಗೆ ಒಡ್ಡಿ ಕೊಲ್ಲಬೇಕು, ಎಷ್ಟು ಡಿಗ್ರಿ, ಎಷ್ಟು ಹೊತ್ತು, ಪರೀಕ್ಷೆಯಲ್ಲಿ ಬರೆದು ಹತ್ತಕ್ಕೆ ಒಂಬತ್ತು ತೆಗೆದಿದ್ದೆ — ಚಿನ್ನ ಎಷ್ಟು ಡಿಗ್ರಿಗೆ ಕರಗುತ್ತದೆ ಎಂದು ಹೋದ ವಾರ ಫೋನಿನಲ್ಲಿ ಹುಡುಕಿದೆ, ಸಾವಿರದ ಅರವತ್ತನಾಲ್ಕು, ಎಷ್ಟು ಹೊತ್ತು ಎಂದು ಬರೆದಿರಲಿಲ್ಲ, ಒಂದು ಗ್ರಾಂ ಕೂಡ ತೂಗದ ಬಿಲ್ಲೆಗೆ ಎಷ್ಟು ಹೊತ್ತು ಬೇಕು, ಒಂದು ಉಸಿರು. ಚೀಲ ತೊಡೆಯ ಮೇಲಿದೆ, ಒಳಗೆ ಎರಡು ಫೋನು, ನನ್ನದು ಮತ್ತು ನನ್ನ ಗಂಡನದು, ಅವರ ಮರಣ ಪ್ರಮಾಣಪತ್ರದ ಜೆರಾಕ್ಸು, ನನ್ನ ಆಧಾರ್ ಕಾರ್ಡು, ಮತ್ತೆ ಮುಟ್ಟಿ ನೋಡಿದೆ, ಇವೆ. ಚಿಕ್ಕಬಳ್ಳಾಪುರಕ್ಕೆ ಎಷ್ಟು ಹೊತ್ತಿಗೆ ಹೋಗುತ್ತೆ ಎಂದು ಮೂರನೆಯ ಸಲ ಕೇಳಿದೆ, ಹೋಗ್ತದಮ್ಮ, ನಿಮ್ಗಿರೋ ಅವಸರ ಬಸ್ಸಿಗೂ ಇರಬೇಕಲ್ಲ, ಅಂದ ಕಂಡಕ್ಟರ್, ಹಿಂದೆ ಯಾರೋ ನಕ್ಕರು. ಅಂಚೆ ಕಚೇರಿಯಲ್ಲಿ ಮೂರು ಗಂಟೆಯ ಮೇಲೆ ಪಾರ್ಸಲ್ ಕೊಡುವುದಿಲ್ಲವಂತೆ, ಈಗ ಒಂದೂ ಕಾಲು, ನಾಳೆ ಶುಕ್ರವಾರ ವರಮಹಾಲಕ್ಷ್ಮಿ, ಇವತ್ತು ಸಿಗದಿದ್ದರೆ — ಅಕ್ಕಯ್ಯಮ್ಮ ನಿನ್ನೆ ಫೋನ್ ಮಾಡಿದ್ದು, ಮದುವೆಗೆ ಮುಂಚೆ ಚಿಕ್ಕಬಳ್ಳಾಪುರದಲ್ಲಿ ನಾನು ಬಾಡಿಗೆಗಿದ್ದ ಕೋಣೆಯ ಒಡತಿ, ಪಾರ್ಸಲಿಗೆ ಅವರ ಮನೆಯ ವಿಳಾಸವನ್ನೇ ಕೊಟ್ಟಿದ್ದೆ, ಏನೇ ಚೈತನ್ಯಾ, ನಿನ್ನ ಗಂಡನ ಹೆಸ್ರಿಗೆ ಕವರ್ ಬಂದೈತೆ ಕಣೇ, ಪೋಸ್ಟ್‌ಮ್ಯಾನು ಬಾಗ್ಲಲ್ಲಿ ನಿಂತ್ಕೊಂಡು ಸುನೀಲ್‌ಕುಮಾರ್ ಇದ್ದಾರಾ ಅಂತ ಕೂಗ್ದ, ನನ್ಗೆ ಮೈಯೆಲ್ಲ ಜುಂ ಅಂತು, ಇಲ್ಲಪ್ಪ ಅಂದೆ, ಇಲ್ದಿದ್ರೆ ಅವ್ರೇ ಆಫೀಸಿಗೆ ಬಂದು ತಗೊಳ್ಲಿ ಅಂದು ಹೊರಟೋದ, ನಾನೇನು ಹೇಳ್ಲೇ ಅವನ್ಗೆ, ಯಾವ ಆಫೀಸಿಂದ ಬರ್ತಾರೆ ಅಂತ ಹೇಳ್ಲಾ.

ಬಸ್ಸು ನಿಂತಿತು, ಇಳಿದರು, ಹತ್ತಿದರು, ಗೂಡಿನ ಮೂಟೆಯ ಖಾಲಿ ಚೀಲಗಳನ್ನು ಮಡಚಿ ಹಿಡಿದ ಇಬ್ಬರು ಗೂಡಿಗೆ ರೇಟು ಸಿಗಲಿಲ್ಲವೆಂದು ತೆಲುಗಿನಲ್ಲಿ ಬೈದುಕೊಳ್ಳುತ್ತಿದ್ದಾರೆ, ನನ್ನ ಕೈ ತಾನಾಗಿ ಕತ್ತಿಗೆ ಹೋಯಿತು, ತಾಳಿ ತೆಗೆದು ಒಂದು ವರ್ಷವಾದರೂ ಹೋಗುತ್ತದೆ, ಅಲ್ಲೇನೂ ಇಲ್ಲ, ಇದ್ದಾಗ ಬಸ್ಸಿನ ಕುಲುಕಿಗೆ ಅವು ಒಂದಕ್ಕೊಂದು ತಗುಲಿ ಸಣ್ಣಗೆ ಸದ್ದು ಮಾಡುತ್ತಿದ್ದವು, ತವರಿನ ಬೊಟ್ಟು ಒಂದು, ಅತ್ತೆ ಮನೆಯ ಬೊಟ್ಟು ಒಂದು, ನಾಲ್ಕು ಗುಂಡು, ಎರಡು ಹವಳ, ಮತ್ತು ಅವುಗಳ ಪಕ್ಕದಲ್ಲಿ ಅವಳು. ಮುನಿಲಕ್ಷ್ಮಿ. ಅವರ ಮೊದಲನೆಯ ಹೆಂಡತಿ. ಮಗಳು ಸೌಜನ್ಯ ಹನ್ನೊಂದು ತಿಂಗಳ ಕೂಸಾಗಿದ್ದಾಗ ಜ್ವರ ಬಂದು ಹೋದವಳು, ನಾನು ಅವಳನ್ನು ನೋಡಿಲ್ಲ, ಆದರೆ ನಾಲ್ಕು ವರ್ಷ ಎದೆಯ ಮೇಲೆ ಹೊತ್ತಿದ್ದೇನೆ, ಸತ್ತವಳ ಜಾಗಕ್ಕೆ ಬಂದವಳು ಸತ್ತವಳ ಮುಖವನ್ನು ತಾಳಿಯ ಜೊತೆ ಕಟ್ಟಿಕೊಳ್ಳಬೇಕು, ಈ ಕಡೆಯ ಮನೆಗಳಲ್ಲಿ ಹಾಗೆ, ಸವತಿ ಬಿಲ್ಲೆ ಅನ್ನುತ್ತಾರೆ, ಹಬ್ಬಕ್ಕೆ ಸೀರೆ ತಂದರೆ ಮೊದಲು ಬಿಲ್ಲೆಗೆ ತೋರಿಸಬೇಕು, ಕುಂಕುಮ ಮೊದಲು ಅವಳಿಗೆ, ಆಮೇಲೆ ನನಗೆ, ಇಲ್ಲದಿದ್ದರೆ ಅವಳು ಮುನಿಯುತ್ತಾಳೆ. ಮದುವೆಗೆ ಮುಂಚೆ ಚಿಂತಾಮಣಿಯಲ್ಲಿ ಅಕ್ಕಸಾಲಿ ನಲ್ಲಪ್ಪಾಚಾರಿಯ ಅಂಗಡಿಗೆ ಅತ್ತೆ ನನ್ನನ್ನೂ ಕರೆದುಕೊಂಡು ಹೋಗಿದ್ದರು, ತೊಗರಿಕಾಳಿನಷ್ಟು ಚಿನ್ನವನ್ನು ಬಡಿದು ಬಡಿದು ಉಗುರಿನಗಲ ಮಾಡಿ, ಉಳಿಯ ಮೊನೆಯಿಂದ ಎರಡು ಚುಕ್ಕೆ, ಅವು ಕಣ್ಣು, ಒಂದು ಗೀಟು, ಅದು ಮೂಗು, ಅಷ್ಟೇ, ಮುಗಿಯಿತು ಅಂದರು. ಬಾಯಿ ಎಲ್ಲಿ ಎಂದು ಕೇಳಿದೆ, ಓದಿದವಳಲ್ಲವೇ, ಕೇಳಿದೆ. ಬಾಯಿ ಇಕ್ಕಲ್ಲಮ್ಮ, ಬಾಯಿ ಇಕ್ಕಿದ್ರೆ ಕೇಳ್ತಾಳೆ, ಅಂದರು ಆಚಾರಿ ಊದುಗೊಳವೆ ಕೆಳಗಿಡುತ್ತ, ಕೇಳೋಕೆ ಶುರು ಮಾಡಿದ್ರೆ ಎಲ್ಲಿಂದ ತಂದು ಕೊಡ್ತೀರ. ಅತ್ತೆ ನಕ್ಕರು, ವೆಂಕಟರತ್ನಮ್ಮನವರ ನಗು, ಹೊಟ್ಟೆ ಕುಲುಕುವ ನಗು, ಅವ್ಳು ಬದುಕಿದ್ದಾಗ್ಲೇ ಬಾಯಿ ಬಿಟ್ಟೋಳಲ್ಲ ಆಚಾರ್ರೇ, ಇವ್ಳು ನೋಡಿ, ಬರೋಕ್ಮುಂಚೇನೇ ಪ್ರಶ್ನೆ ಕೇಳ್ತಾಳೆ. ನಾನೂ ನಕ್ಕೆ. ಬಾಯಿಲ್ಲದ ಮುಖ ಅಂಗೈಯಲ್ಲಿ ಇನ್ನೂ ಬೆಚ್ಚಗಿತ್ತು.

ಸೌಜನ್ಯಳಿಗೆ ಅದು ಬಿಲ್ಲೆಯಲ್ಲ, ಅಮ್ಮ, ಮಲಗುವಾಗ ನನ್ನ ಕತ್ತಿಗೆ ಕೈ ಹಾಕಿ ದಾರ ಎಳೆದು, ಬೊಟ್ಟುಗಳನ್ನು ಅತ್ತ ಸರಿಸಿ, ಅದೊಂದನ್ನೇ ಹೆಬ್ಬೆರಳಿನಿಂದ ಸವರುತ್ತ ನಿದ್ದೆ ಹೋಗುತ್ತಿದ್ದಳು, ಐದು ವರ್ಷದವಳಿದ್ದಾಗ ಒಮ್ಮೆ ಜ್ವರದಲ್ಲಿ ಕಚ್ಚಿಬಿಟ್ಟಳು, ಅಂಚಿನಲ್ಲಿ ಹಾಲುಹಲ್ಲಿನ ಗುರುತು ಉಳಿಯಿತು, ಜೋಳದ ಕಾಳಿನ ಅರ್ಧದಷ್ಟು ತಗ್ಗು, ನನಗೆ ಆ ತಗ್ಗು ಎದೆಗೆ ತಾಗುತ್ತಿತ್ತು, ಬಗ್ಗಿ ರಾಗಿ ಹಿಟ್ಟು ಜರಡಿ ಹಿಡಿಯುವಾಗ ತಾಗುತ್ತಿತ್ತು, ಅವರು ತೋಟದ ಮೋಟಾರಿನ ಸ್ಟಾರ್ಟರ್ ಮುಟ್ಟಿ ಬಿದ್ದರು ಎಂದು ಯಾರೋ ಓಡಿ ಬಂದಾಗ ನಾನು ಓಡಿದೆನಲ್ಲ, ಹಿಪ್ಪುನೇರಳೆ ಸಾಲುಗಳ ನಡುವೆ, ಆಗಲೂ ತಾಗುತ್ತಿತ್ತು, ಅದೊಂದು ನೆನಪಿದೆ, ಅವರ ಮುಖ ನೆನಪಿಲ್ಲ. ಹನ್ನೊಂದನೆಯ ದಿನ ಕೆಂಚಾರ್ಲಹಳ್ಳಿಯ ಮನೆಯ ಹಿತ್ತಿಲ ಕೋಣೆಯಲ್ಲಿ ಕದಿರಮ್ಮ ಬಂದು ಕೂತರು, ಊರಿನಲ್ಲಿ ತಾಳಿ ತೆಗೆಯುವ ಕೆಲಸ ಮಾಡುವವರು ಅವರೇ, ಕಣ್ಮುಚ್ಕೋ ತಾಯಿ, ನೋಡ್ಬಾರ್ದು, ಅಂದರು, ಮುಚ್ಚಿಕೊಂಡೆ, ಬಾಗಿಲ ಆಚೆಯಿಂದ ಅತ್ತೆಯ ದನಿ, ಮಾವ ಇದ್ದಾರೆ, ಅವರು ಮುತ್ತೈದೆ, ಒಳಗೆ ಬರುವಂತಿಲ್ಲ, ಕದಿರಮ್ಮಾ, ಸವತಿ ಬಿಲ್ಲೆ ಬೇರೆ ತೆಗೆದಿಡು, ಅದು ಮಗೂದು, ಹೂಂ ಅಂದರು ಕದಿರಮ್ಮ, ಕತ್ತರಿ ದಾರಕ್ಕೆ ತಗುಲಿದ ಸದ್ದು, ಬಟ್ಟಲಿನ ಹಾಲಿಗೆ ಬಿದ್ದ ಸದ್ದು, ಒಂದೇ ಸದ್ದು, ಬಿಳಿ ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿ ನನ್ನ ಮಡಿಲಿಗಿಟ್ಟರು, ಬಿಚ್ಬೇಡ, ಇದನ್ನ ಯಾರೂ ಬಿಚ್ಚಿ ನೋಡೋ ಹಂಗಿಲ್ಲ, ಕರಗಿಸೋ ದಿನ ಅಕ್ಕಸಾಲೀನೇ ಬಿಚ್ಲಿ. ಬಿಲ್ಲೆ ಅತ್ತೆಗೆ ಕೊಟ್ಟಿರುತ್ತಾರೆ ಎಂದುಕೊಂಡೆ ನಾನು. ನನಗೆ ಕೊಟ್ಟಿರುತ್ತಾರೆ ಎಂದುಕೊಂಡರು ಅತ್ತೆ. ಕೇಳಲಿಲ್ಲ, ಅದನ್ನು ಕೇಳುವ ಮಾತು ಯಾವುದು, ಯಾವ ಹೊತ್ತಿನಲ್ಲಿ ಕೇಳುವುದು, ಸೌಜನ್ಯ ಕೇಳಿದಾಗ ನಾನು ಅಜ್ಜಿ ಹತ್ರ ಇದೆ ಅಂದೆ, ಅಜ್ಜಿ ಚಿಕ್ಕಮ್ಮನ ಹತ್ರ ಇದೆ ಅಂದರಂತೆ, ಮಗು ಇಬ್ಬರನ್ನೂ ನಂಬಿತು. ಹಾಲು ಹೀರಿದ ಬಟ್ಟೆ ಒಣಗಿ ರಟ್ಟಿನಂತಾಯಿತು, ಬೀರುವಿನಲ್ಲಿ ನನ್ನ ಸೀರೆಗಳ ಕೆಳಗಿಟ್ಟೆ, ಹುಳಿ ಹಾಲಿನ ವಾಸನೆ, ಸೀರೆ ತೆಗೆದರೆ ಬರುತ್ತದೆ, ಟವೆಲಿಗೂ ಹತ್ತಿತು, ನನ್ನ ಕೈಗೂ, ಸೋಪಿಗೆ ಹೋಗುವುದಿಲ್ಲ, ಬೀರುವಿನ ಬಾಗಿಲು ತಾನೇ ಸ್ವಲ್ಪ ತೆರೆದುಕೊಳ್ಳುತ್ತದೆ, ಅದರ ಕೊಂಡಿ ಸಡಿಲ, ಮೊದಲಿನಿಂದಲೂ ಸಡಿಲ, ಗೊತ್ತು, ಆದರೂ ಆ ಕೋಣೆಯಲ್ಲಿ ಹಗಲು ಹೊತ್ತಿನಲ್ಲೂ ಬೆನ್ನು ತಿರುಗಿಸಿ ನಿಲ್ಲಲಾರೆ.

ಬೇಡವಾದ ಒಡವೆಯೇ, ಮನೆಯಿಂದಲೇ ಕಳಿಸಿ, ಯಾರಿಗೂ ತಿಳಿಯದಂತೆ, ಹಳೆ ಚಿನ್ನ ಕೊಳ್ಳುವ ಕಂಪನಿಯೊಂದರ ಜಾಹೀರಾತು ಅದು. ಚಿಕ್ಕಬಳ್ಳಾಪುರದಲ್ಲಿ ಕೋಣೆ ಹುಡುಕುತ್ತಿದ್ದೆ ಫೋನಿನಲ್ಲಿ, ಅಲ್ಲಿಯ ಕಾಲೇಜಿನಲ್ಲಿ ಪಾಠದ ಕೆಲಸ ಸಿಗುವುದಿತ್ತು, ಸೌಜನ್ಯಳನ್ನೂ ಕರೆದುಕೊಂಡು ಹೋಗಿ ಅಲ್ಲೇ ಶಾಲೆಗೆ ಹಾಕೋಣ ಎಂದು, ಮುಂಗಡಕ್ಕೆ ಆಗುತ್ತದೆ ಎಂದು, ಅದು ನಿಜ, ಆದರೆ ಮುಂಗಡ ಬೇಡವಾಗಿದ್ದರೂ ಕಳಿಸುತ್ತಿದ್ದೆ, ಬೇಡವಾದ ಅನ್ನುವ ಪದದ ಮೇಲೆ ಬೆರಳು ನಿಂತಿತ್ತು. ಚಿಂತಾಮಣಿಯಲ್ಲಿ ಮಾರಲಾರೆ, ನಲ್ಲಪ್ಪಾಚಾರಿ ಗಂಟು ಬಿಚ್ಚುತ್ತಾರೆ, ತಾವೇ ಮಾಡಿದ ಒಂದೊಂದನ್ನೂ ಗುರುತು ಹಿಡಿಯುತ್ತಾರೆ, ಯಾಕಮ್ಮ ಅನ್ನುತ್ತಾರೆ, ಸಂಜೆಯ ಬಸ್ಸಿಗೆ ಮೊದಲೇ ಮಾತು ಕೆಂಚಾರ್ಲಹಳ್ಳಿ ಸೇರಿರುತ್ತದೆ, ಗಂಡ ಸತ್ತು ವರ್ಷ ತುಂಬಲಿಲ್ಲ, ತಾಳಿ ಮಾರಿದ್ಳಂತೆ. ಆ ಕಂಪನಿಯವರು ಲಕೋಟೆ ಕಳಿಸಿದರು, ಒಳಗೆ ಗುಳ್ಳೆ ಗುಳ್ಳೆ ಪ್ಲಾಸ್ಟಿಕ್ಕು, ಹೊರಗೆ ಯಾವ ಹೆಸರೂ ಇಲ್ಲದ ಒಂದು ಬಾಕ್ಸ್ ನಂಬರು, ಅದೇ ಧೈರ್ಯ ಅನ್ನಿಸಿತು ಆಗ, ಹೆಸರಿಲ್ಲದಿರುವುದು. ಪರೀಕ್ಷಾ ಕೆಲಸಕ್ಕೆಂದು ಗೌರಿಬಿದನೂರಿಗೆ ಹೋದ ದಿನ ಅಲ್ಲಿಯ ಅಂಚೆ ಕಚೇರಿಯಲ್ಲಿ ಕೊಟ್ಟೆ, ನನ್ನ ಮುಖ ಗೊತ್ತಿರುವವರು ಅಲ್ಲಿಲ್ಲ, ಏನಮ್ಮಾ ಇದು, ಇಷ್ಟು ಚಿಕ್ಕದು, ಹಿಂಗ್ ಭಾರ ಐತೆ, ಏನೈತೆ ಒಳ್ಗೆ, ಅಂದರು ಗುಮಾಸ್ತರು, ಬೀಗದ ಕೈ, ಅಂದೆ, ಬಾಯಿಗೆ ಬಂದದ್ದು ಅದು, ಇನ್ಶೂರೆನ್ಸ್ ಮಾಡಿಸ್ತೀರಾ, ಬೀಗದ ಕೈಗಾ, ಅವರೇ ನಕ್ಕು ಮುದ್ರೆ ಒತ್ತಿದರು. ಗಂಟನ್ನು ಬಿಚ್ಚಲಿಲ್ಲ. ಎಣಿಸಲಿಲ್ಲ, ತೂಗಲಿಲ್ಲ, ಒಂದು ಫೋಟೋ ತೆಗೆಯಲಿಲ್ಲ, ಇಲಿ ಹಿಡಿದು ಪಕ್ಕದ ಬೀದಿಗೆ ಬಿಟ್ಟು ಬರುವವರ ಹಾಗೆ ಬಿಟ್ಟು ಬಂದೆ, ಒಂದು ಹುಳದ ಮೊಟ್ಟೆ ಹಾಳೆಯನ್ನೂ ನಂಬರು ಬರೆಯದೆ ಲ್ಯಾಬಿನಿಂದ ಹೊರಗೆ ಬಿಡದವಳು ನಾನು.

ಕಂಪನಿಗೆ ನನ್ನ ಗಂಡನ ಫೋನ್ ನಂಬರನ್ನು ಕೊಟ್ಟಿದ್ದೆ. ನನ್ನ ಫೋನು ಹೋಂವರ್ಕಿಗೆಂದು ಸದಾ ಸೌಜನ್ಯಳ ಕೈಯಲ್ಲಿರುತ್ತದೆ, ಬಂದ ಮೆಸೇಜನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಾಳೆ, ಅಜ್ಜಿಗೂ ಕೇಳಿಸುವ ಹಾಗೆ, ಅದಕ್ಕೆ ಅವರದನ್ನು ಕೊಟ್ಟೆ, ಆ ನಂಬರಿಗೆ ಅವರ ಹೆಸರು ತಾನಾಗಿ ಬಂದು ಕೂತಿತು ಪರದೆಯ ಮೇಲೆ, ಸುನೀಲ್‌ಕುಮಾರ್, ಅಳಿಸಲಿಲ್ಲ. ಆಮೇಲೆ ಮೂರು ದಿನ ಚಾರ್ಜು ಮಾಡಿ ನೋಡಿದೆ, ಏನೂ ಇಲ್ಲ, ನಾಲ್ಕನೆಯ ದಿನ ಮಾವನಿಗೆ ಎದೆನೋವು, ಕೋಲಾರಕ್ಕೆ ಕರೆದುಕೊಂಡು ಹೋಗಿದ್ದು, ಗ್ಯಾಸು ಅಂದರು, ಅಷ್ಟರಲ್ಲಿ ಆ ಫೋನು ಬೀರುವಿನಲ್ಲಿ ಸತ್ತು ಬಿದ್ದಿತ್ತು, ತೆಗೆದು ಹಚ್ಚಿದಾಗ ಮೆಸೇಜು ಬಂದು ಆರು ದಿನವಾಗಿತ್ತು, ಪ್ರಿಯ ಸುನೀಲ್‌ಕುಮಾರ್ ಅವರೇ, ತಾವು ಕಳುಹಿಸಿದ ವಸ್ತುಗಳು, ತಾಳಿ ಬೊಟ್ಟು ಎರಡು, ಗುಂಡು ನಾಲ್ಕು, ಒಳಗೆ ಅರಗು ಇರುವುದರಿಂದ ತೂಕ ಕಡಿತ, ಹವಳಕ್ಕೆ ಬೆಲೆ ಇಲ್ಲ, ಸಣ್ಣ ಬಿಲ್ಲೆ ಒಂದು, ಏಳು ದಿನದೊಳಗೆ ಬೇಡವೆಂದು ತಿಳಿಸದಿದ್ದರೆ ಒಪ್ಪಿದಂತೆ, ನಂತರ ಕರಗಿಸಲಾಗುವುದು. ಬೆಲೆಯನ್ನೂ ಬರೆದಿದ್ದರು, ನಲ್ಲಪ್ಪಾಚಾರಿ ಕೇಳಿದ್ದರೆ ಕೆಮ್ಮು ಬರುವಷ್ಟು ನಗುತ್ತಿದ್ದರು, ಆದರೆ ನಾನು ಆಗ ಅದನ್ನು ಓದಲೇ ಇಲ್ಲ, ಸಣ್ಣ ಬಿಲ್ಲೆ ಒಂದು, ಅಲ್ಲೇ ನಿಂತೆ, ಕೋಣೆಯ ನಡುವೆ, ಬೀರುವಿನ ಬಾಗಿಲು ತೆರೆದಿತ್ತು, ಒಂದೇ ಸದ್ದು, ಹಾಲಿಗೆ ಬಿದ್ದದ್ದು ಒಂದೇ ಸದ್ದು, ಎಲ್ಲ ಒಟ್ಟಿಗೆ ಬಿದ್ದಿತ್ತು.

ಹೇಳಿ ಮೇಡಂ, ಭಾನುಪ್ರಕಾಶ್ ಮಾತಾಡ್ತಿರೋದು, ಕಂಪನಿಯ ಆ ಹುಡುಗನ ದನಿ ಚೆನ್ನಾಗಿತ್ತು, ಮೈಸೂರಿನವನೇನೋ, ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಬಂದ, ಸುನೀಲ್‌ಕುಮಾರ್ ಸರ್ ಹತ್ರ ಮಾತಾಡ್ಬೋದಾ, ಅಕೌಂಟ್ ಅವರ ಹೆಸರಲ್ಲಿದೆ, ಅವರು ಇಲ್ಲ, ಯಾವಾಗ್ ಬರ್ತಾರೆ ಮೇಡಂ, ನಾನು ಅವರ ಹೆಂಡತಿ, ನನಗೆ ಬಿಲ್ಲೆ ವಾಪಸ್ಸು ಬೇಕು, ಬರೀ ಬಿಲ್ಲೆ, ಉಳಿದದ್ದನ್ನು ಕರಗಿಸಿ, ದುಡ್ಡೂ ಬೇಡ. ಹಂಗಾಗಲ್ಲ ಮೇಡಂ, ಕೊಟ್ರೆ ಎಲ್ಲ ಕೊಡ್ಬೇಕು, ತಗೊಂಡ್ರೆ ಎಲ್ಲ ತಗೋಬೇಕು, ನಿಮ್ ಐಟಂ ಆಲ್ರೆಡಿ ಮೆಲ್ಟಿಂಗ್ ಟ್ರೇಗೆ ಹೋಗಿದೆ ಅಂತ ತೋರಿಸ್ತಿದೆ, ಹೋಲ್ಡ್ ಮಾಡ್ಸೋಕೆ ಟ್ರೈ ಮಾಡ್ತೀನಿ, ಗ್ಯಾರಂಟಿ ಇಲ್ಲ. ಅದು ನಮ್ಮದೇ ಅಂತ ಹೇಗೆ ಗುರುತು ಹಿಡಿಯುತ್ತೀರಿ. ತೂಕ ಇರುತ್ತಲ್ಲ ಮೇಡಂ, ಪಾಯಿಂಟ್ ಎಂಟು ಗ್ರಾಂ. ಅದರ ಮೇಲೆ ಮುಖ ಇದೆ. ದಿನಾ ನೂರಾರು ಬರ್ತವೆ ಮೇಡಂ, ನಿಮ್ ಕಡೆಯಿಂದ, ಆಂಧ್ರ ಕಡೆಯಿಂದ, ಎಲ್ಲದರ ಮೇಲೂ ಏನೋ ಒಂದ್ ಇರುತ್ತೆ, ಲಕ್ಷ್ಮಿನೋ ಯಾರೋ, ನಾವು ತೂಕ ನೋಡ್ತೀವಿ. ನೂರಾರು. ಆಗ ಮೊದಲ ಸಲ ಹೆದರಿದೆ, ಅಲ್ಲಿಯವರೆಗಿನದು ನಾಚಿಕೆ, ಇದು ಬೇರೆ, ಒಂದು ಸ್ಟೀಲ್ ಟ್ರೇಯಲ್ಲಿ ನೂರಾರು ಸತ್ತ ಹೆಂಡಿರು ಅಂಗಾತ ಮಲಗಿ ಕಣ್ಣು ಬಿಟ್ಟಿದ್ದಾರೆ, ಅವರಲ್ಲಿ ನಾನು ಕಳಿಸಿದವಳು ಒಬ್ಬಳು, ಕೂಗಲಾರಳು, ಬಾಯಿಲ್ಲ. ಎರಡು ದಿನ ಬಿಟ್ಟು ಇನ್ನೊಂದು ಮೆಸೇಜು ಬಂತು, ಪ್ರಿಯ ಸುನೀಲ್‌ಕುಮಾರ್ ಅವರೇ, ತಮ್ಮ ವಸ್ತುಗಳನ್ನು ಹಿಂದಿರುಗಿಸಲಾಗಿದೆ. ಉಸಿರು ಬಿಟ್ಟೆ. ಗೋಡೆಗೆ ಒರಗಿ ಕೂತೆ. ಅಡುಗೆ ಮನೆಯಿಂದ ಅತ್ತೆ, ಚೈತನ್ಯಾ, ವರ್ಷ ತುಂಬ್ತಲ್ಲಮ್ಮ, ಹೋದ್ವರ್ಷ ಹಬ್ಬ ಇರ್ಲಿಲ್ಲ, ಈ ಸಲ ಲಕ್ಷ್ಮಿ ಕೂರಿಸಣ, ಪೂಜೆ ಆದ್ಮೇಲೆ ಮುನಿಲಕ್ಷ್ಮಿ ಬಿಲ್ಲೆ ಮಗೂ ಕತ್ತಿಗೆ ಕಟ್ಬಿಡಣ, ಕರೀ ದಾರದಲ್ಲಿ, ಬೀರೂಲಿಟ್ಟಿದ್ದೀಯಲ್ಲ, ತೆಗೆದು ಹುಣಸೆಹಣ್ಣಲ್ಲಿ ತಿಕ್ಕಿಡು. ಇಡ್ತೀನಿ ಅಂದೆ. ಹುಣಸೆಹಣ್ಣು ನೆನೆ ಹಾಕಿಯೂ ಇಟ್ಟೆ, ಬಿಲ್ಲೆ ಇಲ್ಲದ ಬಟ್ಟಲಲ್ಲಿ, ಹುಚ್ಚು. ಇವತ್ತು ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುವಾಗ ಸೌಜನ್ಯ ಬಾಗಿಲಿಗೆ ಅಡ್ಡ ನಿಂತಳು, ಎಲ್ಲಿಗ್ ಚಿಕ್ಕಮ್ಮ, ಚಿಕ್ಕಬಳ್ಳಾಪುರಕ್ಕೆ ಕಣಮ್ಮ, ಯಾಕೆ, ಅದಕ್ಕೆ ಸುಳ್ಳು ಹುಟ್ಟಲಿಲ್ಲ, ಎಷ್ಟು ಸುಳ್ಳು ಹೇಳಿದ್ದೆ, ಅದೊಂದಕ್ಕೆ ಹುಟ್ಟಲಿಲ್ಲ, ನಿಮ್ಮಮ್ಮನ ಬಿಲ್ಲೆ ತರೋಕೆ, ಪಾಲಿಶ್‌ಗೆ ಕೊಟ್ಟಿದ್ದೆ, ಅಂದೆ, ಅರ್ಧ ನಿಜ. ಅವಳು ಕಣ್ಣು ದೊಡ್ಡದು ಮಾಡಿ ಪಿಸುಗುಟ್ಟಿದಳು, ಅಮ್ಮನ್ನ ಕರ್ಕೊಂಡ್ ಬರ್ತೀಯಾ, ಒಬ್ಳೇ ಕಳ್ಸಿದ್ಯಾ, ಹೆದ್ರಿಕೊಂಡಿರ್ತಾಳೆ ಅಲ್ವಾ.

ಇಳೀರಮ್ಮ, ಅವಸರ ಅಂದ್ರಲ್ಲ, ಬಂತು ನಿಮ್ಮೂರು. ಇಳಿದೆ, ಬಿಸಿಲು, ಹೂವಿನ ಗಾಡಿಗಳು, ನಾಳೆಯ ಹಬ್ಬಕ್ಕೆ ಸೇವಂತಿಗೆ ರಾಶಿ, ಎಲ್ಲ ಹೆಂಗಸರ ಕತ್ತಿನಲ್ಲೂ ಏನೋ ಹೊಳೆಯುತ್ತದೆ, ನನ್ನನ್ನು ನೋಡಿ ಹೂವಿನವಳು ಮೊಳ ಅಳೆಯುತ್ತಿದ್ದ ಕೈ ಹಿಂದೆಗೆದುಕೊಂಡಳು, ಪರವಾಗಿಲ್ಲ, ಎರಡು ಗಂಟೆ ಹತ್ತು, ನಡೆದೆ, ಓಡಿದೆನೇನೋ, ಕೌಂಟರಿನಲ್ಲಿ ನನ್ನ ಮುಂದೆ ನಾಲ್ಕು ಜನ, ಮೂರು ಜನ, ಅಲ್ಲಿದ್ದವರ ಎದೆಯ ಚೀಟಿಯಲ್ಲಿ ನರಸಿಂಹಮೂರ್ತಿ ಎಂದಿತ್ತು, ಕನ್ನಡಕ ಹಣೆಯ ಮೇಲೆ, ಲಕೋಟೆ ತೆಗೆದು ಮೇಜಿನ ಮೇಲಿಟ್ಟರು, ನನ್ನ ಕೈಗೆ ಕೊಡಲಿಲ್ಲ, ಸುನೀಲ್‌ಕುಮಾರ್ ಅಂತಿದೆಯಲ್ಲಮ್ಮ, ಅವರೆಲ್ಲಿ. ಬಂದಿಲ್ಲ. ಹಂಗಾದ್ರೆ ಅವರ ಸೈನ್ ಇರೋ ಲೆಟರ್ ತಂದಿದ್ದೀರಾ. ಇಲ್ಲ. ಮೂರರೊಳಗೆ ಬರ್ತಾರಾ. ಹಿಂದಿನವರು ಕಾಲು ಬದಲಿಸುತ್ತಿದ್ದಾರೆ, ಫ್ಯಾನು ತಿರುಗುತ್ತಿದೆ, ಜೆರಾಕ್ಸ್ ಹಾಳೆಯನ್ನು ಬಿಡಿಸಿ ಗಾಜಿನ ಕೆಳಗಿನಿಂದ ತಳ್ಳಿದೆ, ಅವರು ಕನ್ನಡಕ ಇಳಿಸಿ ಓದಿದರು, ಅಲ್ಲಮ್ಮ, ತೀರ್ಕೊಂಡೋರ ಹೆಸರಿಗೆ ಬಂದ್ರೆ ವಾಪಸ್ ಕಳಿಸ್ಬೇಕು ನಾವು. ವಾಪಸ್. ಆ ಟ್ರೇಗೆ. ಸರ್, ಅದು ನನ್ನದೇ, ಅಂದೆ. ಒಳಗೇನಿದೆ ಅಂತ ಹೇಳ್ತೀರಾ. ತಾಳಿ, ಅಂದೆ. ಅವರು ನನ್ನ ಕತ್ತು ನೋಡಿದರು, ಒಂದು ಕ್ಷಣ, ತಕ್ಷಣ ಬೇರೆ ಕಡೆ ನೋಡಿದರು, ಕಂಪ್ಯೂಟರಿನಲ್ಲಿ ಏನೋ ಒತ್ತಿದರು, ಚೀಲದಲ್ಲಿ ನನ್ನ ಗಂಡನ ಫೋನು ಸದ್ದು ಮಾಡಿತು, ಓಟಿಪಿ, ನಾಲ್ಕು ಅಂಕಿ, ಸತ್ತವರ ಫೋನಿಗೆ ಬಂದದ್ದನ್ನು ಓದಿ ಹೇಳಿದೆ, ಅವರು ಬರೆದುಕೊಂಡರು, ಸೈನ್ ಮಾಡಿ, ನಿಮ್ಮ ಹೆಸರೇ ಹಾಕಿ, ಯಾರಾದ್ರೂ ಕೇಳಿದ್ರೆ ನಾನ್ ನೋಡ್ಕೋತೀನಿ, ಹೋಗಮ್ಮ. ಲಕೋಟೆ ಕೈಗೆ ಬಂತು. ಭಾರ ಅಷ್ಟೇ ಇದೆ. ಅಷ್ಟೇ ಇದೆ ಅನ್ನಿಸುತ್ತದೆ, ಮೊದಲಿನ ಭಾರ ಎಷ್ಟಿತ್ತು ಎಂದು ಯಾರಿಗೆ ಗೊತ್ತು, ಬೀಗದ ಕೈ ಅಂದಿದ್ದೆ.

ಹೊರಗೆ ಗೋಡೆಗೆ ಸೇರಿದ ಕಲ್ಲುಬೆಂಚು, ಇಲ್ಲಿ ಕೂರಬಹುದು, ಮನೆಗೆ ಹೋಗಿ ಬಿಚ್ಚು, ಬಸ್ಸಿನಲ್ಲಿ ಬಿಚ್ಚು, ಬೇಡ, ಇಲ್ಲೇ, ಯಾರೂ ಬಿಚ್ಚಿ ನೋಡುವ ಹಾಗಿಲ್ಲ ಅಂದಿದ್ದರು ಕದಿರಮ್ಮ, ಆದರೆ ಯಾರು ಯಾರೋ ಬಿಚ್ಚಿದ್ದಾರೆ, ಗೆರೆ ಎಳೆದಿದ್ದಾರೆ, ಆಸಿಡ್ ಹಾಕಿದ್ದಾರೆ, ಬಿಳಿ ಬಟ್ಟೆ ಇಲ್ಲ, ಪ್ಲಾಸ್ಟಿಕ್ಕಿನ ಸಣ್ಣ ಚೀಲ, ಹಾಲಿನ ವಾಸನೆ ಇಲ್ಲ, ಏನೋ ಔಷಧಿಯ ವಾಸನೆ, ಮೊದಲು ತವರಿನ ಬೊಟ್ಟು, ಹೌದು ನನ್ನದು, ಅಪ್ಪ ಮಾಡಿಸಿದ್ದು, ಬೆನ್ನಿನ ಮೇಲೆ ಹೊಸ ಗೀರು, ಅತ್ತೆ ಮನೆಯದು, ಹೌದು, ಗುಂಡು ಒಂದು ಎರಡು ಮೂರು ನಾಲ್ಕು, ಒಂದನ್ನು ಚಪ್ಪಟೆ ಮಾಡಿ ನೋಡಿದ್ದಾರೆ, ಒಳಗಿನ ಅರಗು ಕಾಣುತ್ತದೆ, ಹವಳ ಎರಡು, ಚೀಲ ಮುಗಿಯಿತೇ, ಇಲ್ಲ, ಮೂಲೆಯಲ್ಲಿ ಅಂಟಿಕೊಂಡಿದೆ, ಇದೆ, ಇದೆ, ಬೆರಳಿನಿಂದ ಒತ್ತಿ ತಳ್ಳಿದೆ, ಅಂಗೈಗೆ ಬಿತ್ತು, ಬೆನ್ನು ಮೇಲಾಗಿ, ತಾಯಿ, ಬಂದೆ, ನಾಳೆ ಮೊದಲ ಕುಂಕುಮ ನಿನಗೆ, ಎಂದುಕೊಂಡು ಹೆಬ್ಬೆರಳಿನಿಂದ ಅಂಚು ಸವರಿದೆ, ಸೌಜನ್ಯ ಸವರುವ ಹಾಗೆ, ಸುತ್ತಲೂ, ಹಲ್ಲಿನ ತಗ್ಗು ಬರಲಿಲ್ಲ. ಇನ್ನೊಮ್ಮೆ ಸವರಿದೆ. ನುಣುಪು. ತಿರುಗಿಸಿದೆ. ಎರಡು ಕಣ್ಣು, ಚುಕ್ಕೆಯಲ್ಲ, ಎಲೆಯ ಹಾಗೆ ಉದ್ದುದ್ದ, ಮೂಗಿಗೆ ನತ್ತಿನ ಗುರುತು, ಕೆಳಗೆ ಅಡ್ಡವಾಗಿ ಕೊರೆದ ಒಂದು ಸಣ್ಣ ಗೀಟು, ಅದರ ಕೆಳಗೆ ಇನ್ನೊಂದು, ಎರಡರ ನಡುವೆ ಒಂಚೂರು ಕಪ್ಪು. ಬಾಯಿ. ಇದು ಮುನಿಲಕ್ಷ್ಮಿಯಲ್ಲ. ಯಾರೋ. ಯಾವ ಊರಿನವಳೋ, ಯಾರ ಸವತಿಯೋ, ಯಾವ ಮನೆಯ ಯಾವ ಮಗು ಎಲ್ಲಿ ಕೂತು ಇವಳನ್ನು ಹುಡುಕುತ್ತಿದೆಯೋ, ಅವರ ಆಚಾರಿ ಬಾಯಿ ಇಕ್ಕಿದ್ದಾನೆ, ತೂಕ ಸರಿಯಾಗಿರುತ್ತದೆ, ಪಾಯಿಂಟ್ ಎಂಟು ಗ್ರಾಂ, ಸರಿಯಾಗಿರುತ್ತದೆ, ನಮ್ಮವಳು ಆ ಮನೆಯಲ್ಲಿ ಇರಬಹುದು, ಈಗ ಯಾರೋ ಅವಳಿಗೆ ಕುಂಕುಮ ಇಡುತ್ತಿರಬಹುದು, ಇರಬಹುದು, ಇಲ್ಲವೇ ಒಂದು ಉಸಿರು, ಸಾವಿರದ ಅರವತ್ತನಾಲ್ಕು — ಫೋನ್ ಮಾಡಲೇ, ಯಾರಿಗೆ, ಸುನೀಲ್‌ಕುಮಾರ್ ಸರ್ ಇದ್ದಾರಾ ಅನ್ನುತ್ತಾನೆ, ಏನನ್ನು ತೋರಿಸಿ ನನ್ನದಲ್ಲ ಅನ್ನಲಿ, ಫೋಟೋ ಇಲ್ಲ, ಪಟ್ಟಿ ಇಲ್ಲ, ಬೀಗದ ಕೈ, ಚಿಂತಾಮಣಿಯಲ್ಲಿ ಇಳಿದು ನಲ್ಲಪ್ಪಾಚಾರಿಗೆ ಎಲ್ಲ ಹೇಳಿ ಹೊಸದು ಮಾಡಿಸಲೇ, ಎರಡು ಚುಕ್ಕೆ ಒಂದು ಗೀಟು, ಹಲ್ಲಿನ ಗುರುತನ್ನೂ ಉಳಿಯಿಂದ ಒತ್ತಿ ಎನ್ನಲೇ, ಸೌಜನ್ಯಳ ಹೆಬ್ಬೆರಳು ಒಪ್ಪೀತೇ, ಅಥವಾ ಇದನ್ನೇ ಕಲ್ಲಿನ ಮೇಲಿಟ್ಟು ಬಾಯಿಯೊಂದನ್ನು ತಿಕ್ಕಿ ಅಳಿಸಿ — ತಿಕ್ಕಿದೆ, ಬೆಂಚಿನ ಅಂಚಿಗೆ, ಎರಡು ಸಲ, ನಿಲ್ಲಿಸಿದೆ, ಇವಳೂ ಯಾರದೋ ಅಮ್ಮ, ನನ್ನ ಫೋನು ಹೊಡೆದುಕೊಳ್ಳುತ್ತಿದೆ, ಪರದೆಯ ಮೇಲೆ ಮನೆ, ಈ ಹೊತ್ತಿಗೆ ಮಾಡುವವಳು ಸೌಜನ್ಯಳೇ, ಶಾಲೆಗೆ ರಜ, ಬಾಗಿಲಲ್ಲಿ ಕೂತಿದ್ದಾಳೆ, ಸಿಕ್ಕಿದ್ಳಾ ಚಿಕ್ಕಮ್ಮ, ಅನ್ನುತ್ತಾಳೆ, ಸಿಕ್ಕಿದಳು ಅನ್ನಲೇ, ನಿಂತಿತು, ಮತ್ತೆ ಹೊಡೆದುಕೊಳ್ಳುತ್ತಿದೆ, ಎತ್ತಬೇಕು, ಎತ್ತಿ ಏನಾದರೂ ಹೇಳಬೇಕು, ನಾನು ಬಾಯಿ ತೆರೆದಿದ್ದೇನೆ, ಅಂಗೈಯಲ್ಲಿ ಅವಳೂ ತೆರೆದಿದ್ದಾಳೆ, ಕಲ್ಲಿಗೆ ಉಜ್ಜಿದ ಕಡೆ ಹೊಸದಾಗಿ ಹೊಳೆಯುತ್ತ, ಎರಡು ಗೀಟು, ನಡುವೆ ಒಂಚೂರು ಕಪ್ಪು, ಬಾಯಿ, ಮತ್ತೆ ಹೊಡೆದುಕೊಳ್ಳುತ್ತಿದೆ, ಬಾಯಿ